ನೀರಿನಡಿಯ ಹೊಲ ಅಳೆದವರು

ಹೋದ ತಿಂಗಳು ಹೊಳಲ್ಕೆರೆಯಲ್ಲಿ ನಂಟರ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದವರು ನಮ್ಮ ಹಳೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸಾರು ಬಡಿಸುವವನಿಗೆ ಕೈ ಅಡ್ಡ ಹಿಡಿದು, "ನಮ್ಮ ಸರ್ವೇಯರ್ ಸಾಹೇಬ್ರು ಹೋಗಿಬಿಟ್ರಲ್ಲ, ಗೊತ್ತಾತಾ ನಿಮಗೆ?" ಎಂದರು. ಗೊತ್ತಿರಲಿಲ್ಲ. ಯಾವಾಗ ಎಂದು ಕೇಳಿದೆ. "ಆಗ್ಲೇ ಎರಡು ವರ್ಷ ಆತು" ಎಂದು ಅವರು ಎಲೆಯ ಕಡೆಗೆ ತಿರುಗಿದರು.

ಎರಡು ವರ್ಷದಿಂದ ಇಲ್ಲದವರನ್ನು ನಾನು ಇದ್ದಾರೆ ಎಂದೇ ಲೆಕ್ಕ ಹಿಡಿದಿದ್ದೆ. ತಮ್ಮ ಊರು ತುರುವನೂರಿನ ಮನೆಯ ಗೋಡೆಗೆ ಒರಗಿ ಕುಳಿತಿದ್ದಾರೆ, ಉಬ್ಬಸದ ಎದೆಯನ್ನು ಸವರಿಕೊಳ್ಳುತ್ತ ಬಿಸಿನೀರು ಕುಡಿಯುತ್ತಿದ್ದಾರೆ ಅಂತ. ಆ ಊಟ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾದೀತು. ಊಟ ಮಾಡಿದೆ, ತಾಂಬೂಲ ತೆಗೆದುಕೊಂಡೆ, ಬಸ್ಸು ಹತ್ತಿದೆ. ಬಸ್ಸಿನಲ್ಲಿ ಮಾತ್ರ ಕಿಟಕಿಯ ಆಚೆ ಕಂಡ ಬಾಂದುಕಲ್ಲುಗಳನ್ನೆಲ್ಲ ನೋಡುತ್ತ ಬಂದೆ. ಹೊಲದ ಗಡಿಗೆ ನೆಟ್ಟ ಆ ಗಿಡ್ಡ ಕಲ್ಲುಗಳನ್ನು ಬೇರೆಯವರು ಯಾರೂ ನೋಡುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಮುಜುಗರವಾಗುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಹೊಸದುರ್ಗದ ಕಚೇರಿಯಲ್ಲಿ ಹಳೆಯ ನಕ್ಷೆ, ಪಹಣಿ, ಕಡತಗಳನ್ನು ನೋಡಿಕೊಳ್ಳುವ ರೆಕಾರ್ಡ್ ರೂಮಿನಲ್ಲಿದ್ದೆ. ನನ್ನ ಯಜಮಾನರು ಮಾಡದಕೆರೆಯ ಶಾಲೆಯಲ್ಲಿ ಮೇಷ್ಟ್ರು. ಎರಡು ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಆ ಕಚೇರಿಯಲ್ಲಿ ನಾನೊಬ್ಬಳೇ ಹೆಂಗಸು. ಉಳಿದವರು "ಏನಮ್ಮ" ಎನ್ನುತ್ತಿದ್ದರು, ಇಲ್ಲವೇ ಏನೂ ಅನ್ನದೆ ಕೈ ಚಾಚುತ್ತಿದ್ದರು. ಇವರು ಮಾತ್ರ "ಅಮ್ಮಾವ್ರೇ, ನಿಮಗೆ ತೊಂದ್ರೆ" ಎಂದು ಶುರುಮಾಡುತ್ತಿದ್ದರು.

ದಣಿದೇ ಹುಟ್ಟಿದವರ ಹಾಗಿದ್ದರು. ಕಚೇರಿಗೆ ಬಂದರೆ ಮೊದಲು ಗೋಡೆ ಹುಡುಕುವರು. ಕುರ್ಚಿಯನ್ನು ಗೋಡೆಗೆ ಆನಿಸಿ, ಚಪ್ಪಲಿ ಬಿಟ್ಟು, ಎಡಗಾಲಿನ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತ ಐದು ನಿಮಿಷ ಕಣ್ಣು ಮುಚ್ಚುವರು. ಇಪ್ಪತ್ತೈದು ವರ್ಷ ಜನರ ಹೊಲಗಳಲ್ಲಿ ನಡೆದ ಅಂಗಾಲು ಅದು. ನಕ್ಷೆ ಇಡುವ ಉದ್ದನೆಯ ತಗಡಿನ ಡಬ್ಬಿ, ಬಿಸಿನೀರಿನ ಫ್ಲಾಸ್ಕು, ಒಂದು ಕೊಡೆ, ಇಷ್ಟೇ ಅವರ ಆಸ್ತಿ. ಎರಡು ಕಡೆಯವರು ಹೊಲದಲ್ಲಿ ನಿಂತು ಕೂಗಾಡತೊಡಗಿದರೆ ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ಅಳತೆಯ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಮಡಚುತ್ತ ಕುಳಿತುಬಿಡುತ್ತಿದ್ದರು. ಮಡಚುವುದು ಮುಗಿಯುವಷ್ಟರಲ್ಲಿ ಜನರಿಗೂ ಕೂಗಿ ಸಾಕಾಗಿರುತ್ತಿತ್ತು.

ನಮ್ಮಲ್ಲಿಗೆ ಬರುವ ಮೊದಲು ಹಿರಿಯೂರು ತಾಲ್ಲೂಕಿನಲ್ಲಿದ್ದರು. ಧರ್ಮಪುರದ ಕಡೆ ಅಣ್ಣತಮ್ಮಂದಿರ ಶೇಂಗಾ ಹೊಲದ ಜಗಳವೊಂದನ್ನು ಅವರು ನನಗೆ ಹೇಳಿದ್ದುಂಟು. ಮೂರು ದಿನ ಅಳೆದ ಮೇಲೆ ಅಣ್ಣನ ಕಡೆಗೆ ಒಂದು ಗೇಣು ಅಗಲದ ಪಟ್ಟಿ ಹೆಚ್ಚು ಬಂತಂತೆ. ತಮ್ಮ ಪ್ರಾಣ ಹೋದರೂ ಬಿಡುವುದಿಲ್ಲ ಎಂದ. ಇವರು ಆ ಗೇಣು ಜಾಗದ ಮೇಲೆ ಟವೆಲ್ ಹಾಸಿ ಮಲಗಿಬಿಟ್ಟರು. "ನಂಗೆ ಸಾಕಾಗೈತಪ್ಪ. ನೀವಿಬ್ರೂ ಒಂದು ಮಾತಿಗೆ ಬಂದ್ಮೇಲೆ ಎಬ್ಬಿಸ್ರಿ." ಸುಡುವ ಬಿಸಿಲು. ಒಂದು ಗಂಟೆಯೊಳಗೆ ಅಣ್ಣನೇ ಕೊಡೆ ತಂದು ತಮ್ಮನ ಕೈಗೆ ಕೊಟ್ಟು, ಸಾಹೇಬರಿಗೆ ನೆರಳು ಹಿಡಿ ಎಂದನಂತೆ.

"ಒಳ್ಳೇ ಉಪಾಯ ಮಾಡಿದ್ರಿ ಸಾರ್" ಎಂದೆ.

"ಉಪಾಯ ಎಲ್ಲೈತೆ ಅಮ್ಮಾವ್ರೇ. ನಿಜವಾಗ್ಲೂ ನಿದ್ದೆ ಬಂದಿತ್ತು."

ಇಂಥವರ ಮೇಜಿಗೆ ಕರಿಯಮ್ಮಜ್ಜಿಯ ಅರ್ಜಿ ಬಂತು.

ಮಾರಿಕಣಿವೆಯ ಕಟ್ಟೆ ಇರುವುದು ಹಿರಿಯೂರಿನ ಕಡೆ. ಅದರ ಹಿನ್ನೀರು ನಮ್ಮ ಹೊಸದುರ್ಗ ತಾಲ್ಲೂಕಿನವರೆಗೂ ಚಾಚಿಕೊಳ್ಳುತ್ತದೆ. ಆ ನೀರಿನ ಅಂಚಿನ ಒಂದು ಹಟ್ಟಿಯವಳು ಕರಿಯಮ್ಮಜ್ಜಿ. ಕುರಿ ಸಾಕಿದ ಮನೆತನ, ಗಂಡ ಹೋಗಿ ಬಹಳ ವರ್ಷವಾಗಿತ್ತು. ಹಟ್ಟಿಯ ಪಕ್ಕ ಒಂದು ಬೋರೆ, ಅಂದರೆ ಕಲ್ಲುಮಣ್ಣಿನ ದಿಬ್ಬ. ದಿಬ್ಬದ ಮೂಡಣ ಮಗ್ಗುಲಿಗೆ ಅವಳ ನಾಲ್ಕು ಎಕರೆ ಹೊಲ. ಕಟ್ಟೆ ಕಟ್ಟುವ ಕಾಲದಲ್ಲಿ ಮುಳುಗುವ ನೆಲವನ್ನೆಲ್ಲ ಸರ್ಕಾರ ತೆಗೆದುಕೊಂಡಾಗ, ಇದು ಎತ್ತರದಲ್ಲಿದೆ, ಮುಳುಗುವುದಿಲ್ಲ ಎಂದು ಅವಳ ಮಾವ ಕಾಡಿ ಬೇಡಿ ಬಿಡಿಸಿಕೊಂಡಿದ್ದನಂತೆ. ಎಷ್ಟೋ ವರ್ಷ ಅವನ ಮಾತೇ ನಿಜವಾಗಿತ್ತು. ಆಮೇಲೆ ಒಳ್ಳೆಯ ಮಳೆ ಬಿದ್ದ ವರ್ಷಗಳಲ್ಲಿ ನೀರು ಹೊಲದ ಮೇಲೆ ಬರತೊಡಗಿತು. ಬಂದರೆ ವರ್ಷಗಟ್ಟಲೆ ನಿಂತುಬಿಡುವುದು. ಇಳಿದಾಗ ಅಜ್ಜಿ ಆ ಹಸಿ ಮಣ್ಣಿಗೆ ಹೆಸರು, ಸೌತೆ ಹಾಕಿಕೊಳ್ಳುವಳು.

ನೀರಿನ ಆಚೆ ದಡದ ಹಳ್ಳಿಗಳಿಗೆ ರಸ್ತೆಯಲ್ಲಿ ಹೋದರೆ ಒಂದು ಇಡೀ ದಿನ. ದೋಣಿಯಲ್ಲಿ ಒಂದು ಗಂಟೆ. ಆ ದೋಣಿ ತಿಮ್ಮಪ್ಪನದು. ಅವನಪ್ಪನೂ ದೋಣಿಯವನೇ. ಎರಡು ದೊಡ್ಡ ಮರದ ದೋಣಿಗಳು. ಜನ, ಕುರಿ, ಬಾಣಂತಿಯರು, ಸಂತೆಯ ಚೀಲ ಎಲ್ಲ ಅದರಲ್ಲೇ. ಹರಿಗೋಲಿನ ಹಾಗೆ ಅವನ್ನು ಎತ್ತಿ ದಡಕ್ಕೆ ಬೋರಲು ಹಾಕುವಂತಿಲ್ಲ. ನೀರಲ್ಲೇ ನಿಲ್ಲಿಸಬೇಕು, ಹಗ್ಗ ಕಟ್ಟಿದ ಕಲ್ಲುಗಳನ್ನು ತಳಕ್ಕೆ ಇಳಿಸಿ ಲಂಗರು ಹಾಕಬೇಕು. ಆಷಾಢದ ಪಡುವಣ ಗಾಳಿ ನಮ್ಮ ಸೀಮೆಯಲ್ಲಿ ಹೇಗೆ ಬೀಸುತ್ತದೆ ಎಂಬುದು ಹೆಂಚು ಹಾರಿಸಿಕೊಂಡವರಿಗೆ ಗೊತ್ತು. ಆ ಗಾಳಿಗೆ ಮರೆಯಾಗಿ ದೋಣಿ ನಿಲ್ಲುವ ಜಾಗ ಆ ದಡದಲ್ಲಿ ಒಂದೇ: ಬೋರೆಯ ಮೂಡಣ ಮಗ್ಗುಲು. ಕರಿಯಮ್ಮಜ್ಜಿಯ ಹೊಲದ ಮೇಲಿನ ನೀರು.

ನೀರು ಇಳಿದ ವರ್ಷ ಹೊಲ ಉಳಲು ಹೋದರೆ ಅಲ್ಲೆಲ್ಲ ಲಂಗರಿನ ಕಲ್ಲುಗಳು, ಮುರಿದ ಗೂಟಗಳು. ನೇಗಿಲಿನ ಕುಳ ಎರಡು ಸಲ ಮುರಿಯಿತು. ಇನ್ನು ನನ್ನ ನೆಲದ ಮೇಲೆ ಕಲ್ಲು ಹಾಕಕೂಡದು ಎಂದು ಅಜ್ಜಿ ಕೋರ್ಟಿಗೆ ಹೋದಳು. ಅಲ್ಲಿಂದ ನಮ್ಮ ಕಚೇರಿಗೆ ಕೇಳಿದರು: ದೋಣಿ ನಿಲ್ಲುವ ಜಾಗದ ಅಡಿಯ ನೆಲ ಯಾರದು, ಅಳೆದು ತಿಳಿಸಿ.

"ನೀರಿನಡೀದು ಅಳೀಬೇಕಂತೆ" ಎಂದು ಸಾಹೇಬರು ನನ್ನ ಮೇಜಿನ ಮುಂದೆ ನಿಂತು ಹೇಳಿದರು. "ನಂಗೆ ಈಜು ಬರಲ್ಲ ಅಮ್ಮಾವ್ರೇ. ನೀರು ಕಂಡ್ರೆ ಎದೆ ಹಿಡ್ಕಂತೈತೆ."

ಹಳೆಯ ಮೂಲ ನಕ್ಷೆ ನನ್ನ ಕೈಯಿಂದ ಹೊರಗೆ ಹೋಗುವಂತಿರಲಿಲ್ಲ. ಹಾಗಾಗಿ ನಕ್ಷೆಯ ಜೊತೆ ನಾನೂ ಹೋಗಬೇಕಾಯಿತು.

ಬೋರೆಯ ದಡದಲ್ಲಿ ಎರಡೂ ಕಡೆಯವರು ಕಾಯುತ್ತಿದ್ದರು. ಅಜ್ಜಿ ಕಂಬಳಿ ಹೊದ್ದು ಒಂದು ಕಲ್ಲಿನ ಮೇಲೆ ಕುಳಿತಿದ್ದಳು, ಕೈಯಲ್ಲಿ ಉಣ್ಣೆ ನೂಲುವ ಕದಿರು. ತಿಮ್ಮಪ್ಪ ಮೊಣಕಾಲುದ್ದದ ನೀರಲ್ಲಿ ದೋಣಿ ಹಿಡಿದು ನಿಂತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು.

"ಉಳೋನಿಗೆ ಹೊಲ ಅಂತ ಸರ್ಕಾರದೋರು ಊರೂರಾಗೆ ಹೇಳ್ತಾ ಅದಾರೆ ಸಾಮಿ" ಎಂದ. "ಹುಟ್ಟು ಹಾಕೋನಿಗೆ ನೀರಿಲ್ವಾ?"

"ನೀರು ನಿಂದೇ ಇಟ್ಕಳಪ್ಪ" ಎಂದಳು ಅಜ್ಜಿ ಕುಳಿತಲ್ಲಿಂದಲೇ. "ಕಲ್ಲು ಬೀಳೋದು ನೀರ ಮ್ಯಾಲಲ್ಲ, ನನ್ನ ಹೊಲದ ಮ್ಯಾಲೆ."

ಸಾಹೇಬರು ಚಪ್ಪಲಿಯನ್ನು ದಡದಲ್ಲಿ ಬಿಟ್ಟರು. ದೋಣಿ ಹತ್ತಿ, ತಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ದೋಣಿಯ ಅಂಚನ್ನು ಹಿಡಿದುಕೊಂಡರು. ಆ ಕೈಯ ಗೆಣ್ಣುಗಳು ಸಂಜೆಯವರೆಗೂ ಬೆಳ್ಳಗೇ ಇದ್ದವು. ಸರಪಳಿ ನೀರಲ್ಲಿ ಜೋತು ಬೀಳುತ್ತದೆಂದು ಅದರ ಅಳತೆಗೆ ಗಂಟು ಹಾಕಿದ ಹಗ್ಗ ತಂದಿದ್ದರು. ಬೋರೆಯ ಮೇಲೆ ಕಾಣುತ್ತಿದ್ದ ಎರಡು ಬಾಂದುಕಲ್ಲುಗಳಿಂದ ಗೆರೆ ಹಿಡಿದು, ಹಗ್ಗ ಎಳೆದು, ನಕ್ಷೆ ನೋಡಿ, ಮತ್ತೆ ಎಳೆದು, ಮಧ್ಯಾಹ್ನದ ಹೊತ್ತಿಗೆ ನೀರಿನ ನಡುವೆ ಒಂದು ಜಾಗದಲ್ಲಿ ದೋಣಿ ನಿಲ್ಲಿಸಿದರು. ಹೊಲದ ಮೂಡಣ ಮೂಲೆಯ ಬಾಂದುಕಲ್ಲು ಇದ್ದರೆ ಇದರ ಕೆಳಗೇ ಇರಬೇಕು. ಅದು ಸಿಕ್ಕರೆ ದೋಣಿ ನಿಲ್ಲುವ ಜಾಗವೆಲ್ಲ ಅಜ್ಜಿಯ ಹೊಲ. ಸಿಗದಿದ್ದರೆ ಗಡಿಯೇ ಅನುಮಾನ.

ಮುಳುಗಿ ನೋಡಬಲ್ಲವನು ಅಲ್ಲಿ ಒಬ್ಬನೇ, ತಿಮ್ಮಪ್ಪ.

ಅವನು ಅಂಗಿ ಬಿಚ್ಚಿ ನಿಂತಾಗ ಸಾಹೇಬರು ಅವನ ಮುಖ ನೋಡದೆ ಹೇಳಿದರು: "ಸರಿಯಾಗಿ ನೋಡಪ್ಪ. ಕಂಡ್ರೆ ಕಂಡ್ತು ಅನ್ನು. ಕಾಣ್ದಿದ್ರೆ ಕಾಣ್ಲಿಲ್ಲ ಅನ್ನು. ಇನ್ನೊಬ್ರು ಮುಳುಗಿ ನೋಡೋರು ಯಾರೂ ಇಲ್ಲ."

ಎರಡು ಆಳು ಆಳದ ನೀರು. ಅವನು ಹೋದ. ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಹೋದ. ಮೂರನೆಯ ಸಲ ಮೇಲೆ ಬಂದವನು ದೋಣಿಯ ಅಂಚು ಹಿಡಿದು ಸುಮ್ಮನೆ ತೇಲುತ್ತಿದ್ದ. ಗಡ್ಡದಿಂದ ನೀರು ಇಳಿಯುತ್ತಿತ್ತು. ದಡದಲ್ಲಿ ಅಜ್ಜಿಯ ಕದಿರು ನಿಂತಿತ್ತು. ನಾನು ನಕ್ಷೆಯನ್ನು ಎದೆಗೆ ಒತ್ತಿಕೊಂಡಿದ್ದೆ.

"ಐತೆ ಸಾಮಿ" ಎಂದ ತಿಮ್ಮಪ್ಪ.

"ಸರಿಯಾಗಿ ನೋಡಿದ್ಯಾ?"

"ಕಲ್ಲಿನ ತಲೆ ಮ್ಯಾಲೆ ಸರ್ವೇದೋರ ಗೀರು ಅವೆ. ಬೆರಳಾಗೆ ಮುಟ್ಟಿ ನೋಡ್ದೆ. ಐತೆ."

ಸಾಹೇಬರು ಬರೆದುಕೊಂಡರು. ಬರೆಯುವಾಗ ಅವರ ಎದೆಯಿಂದ ಸೀಟಿಯಂಥ ಸದ್ದು ಬರುತ್ತಿತ್ತು. ಬಸ್ಸಿಗೆ ನಡೆದುಬರುವಾಗ ಅವರಾಗಿಯೇ ಮಾತೆತ್ತಿದರು. "ಅವನು ಇಲ್ಲ ಅಂದಿದ್ರೆ ನಾನು ಇಲ್ಲ ಅಂತ ಬರ್ದು ಮನೆಗೆ ಹೋಗ್ತಿದ್ದೆ ಅಮ್ಮಾವ್ರೇ. ಅವನಿಗೂ ಗೊತ್ತಿತ್ತು ಅದು."

ವರದಿ ಹೋಯಿತು. ನೆಲ ಅಜ್ಜಿಯದು ಎಂದಾಯಿತು. ಮೊಕದ್ದಮೆ ಪೂರ್ತಿ ತೀರ್ಮಾನವಾಗುವವರೆಗೆ ಭೂಮಾಲೀಕಳ ಒಪ್ಪಿಗೆಯಿಲ್ಲದೆ ಅಲ್ಲಿ ಲಂಗರು ಹಾಕಬಾರದು ಎಂದು ಆದೇಶ ಬಂತು.

ಒಪ್ಪಿಗೆ ಕೇಳಿದರೆ ಮುಗಿಯಿತಲ್ಲ ಎಂದು ನನಗೆ ಅನ್ನಿಸಿತ್ತು. ತಿಮ್ಮಪ್ಪ ಕೇಳಲಿಲ್ಲ. ಅವನ ವಕೀಲರು ಹೇಳಿದ್ದರು: ಎರಡು ತಲೆಮಾರಿನಿಂದ ಯಾರನ್ನೂ ಕೇಳದೆ ದೋಣಿ ನಿಲ್ಲಿಸಿದ್ದೀರಿ, ಅದೇ ನಿಮ್ಮ ಹಕ್ಕು, ಒಂದು ದಿನ ಹೋಗಿ ಕೇಳಿದಿರೋ, ಅಲ್ಲಿಗೆ ಹಕ್ಕು ಹೋಯಿತು. ಅಜ್ಜಿಯೂ ಸುಮ್ಮನಾಗುವಂತಿರಲಿಲ್ಲ. ಅವಳ ವಕೀಲರು ಹೇಳಿದ್ದರು: ಅವರು ಕೇಳದೆ ಹಾಕಿದ್ದನ್ನು ನೋಡಿಕೊಂಡು ಸುಮ್ಮನಿದ್ದರೆ ನಾಳೆ ನಿನ್ನ ಹೊಲವೇ ಹೋದೀತು. ಇಬ್ಬರು ವಕೀಲರು ಹೇಳಿದ್ದೂ ಸರಿಯೇ ಇತ್ತು. ಅದೇ ತೊಂದರೆ.

ತಿಮ್ಮಪ್ಪ ದೋಣಿಗಳನ್ನು ಬೋರೆಯ ಇನ್ನೊಂದು ಮಗ್ಗುಲಿಗೆ ಒಯ್ದ. ಅದು ಸರ್ಕಾರಿ ನೆಲ, ಆದರೆ ಬರಿಯ ಬಂಡೆ. ತಳದಲ್ಲಿ ಕಲ್ಲು ಕಚ್ಚುವುದಿಲ್ಲ. ಆಷಾಢದ ಎರಡನೇ ವಾರ ಗಾಳಿ ಹಿಡಿಯಿತು. ಒಂದು ಬೆಳಗ್ಗೆ ದೊಡ್ಡ ದೋಣಿಯ ಹಗ್ಗ ಕಿತ್ತು ಅದು ಬಂಡೆಗೆ ಬಡಿಯತೊಡಗಿತು. ತಿಮ್ಮಪ್ಪ ನೀರಿಗಿಳಿದು ದೋಣಿಯನ್ನು ಬಂಡೆಯಿಂದ ದೂರ ತಳ್ಳಲು ಹೋದ. ಅಲೆಯೊಂದು ದೋಣಿಯನ್ನು ಎತ್ತಿ ತಂದು ಹಾಕಿತು. ಅವನ ಬಲಗೈ ನಡುವೆ ಸಿಕ್ಕಿಕೊಂಡಿತು.

ಹೊಸದುರ್ಗದ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಸುದ್ದಿ ಮಾಡದಕೆರೆಯ ಬಸ್ಸಿನಲ್ಲಿ ನನಗೆ ತಲುಪಿತು. ನಾನೇ ಸಾಹೇಬರಿಗೆ ಹೇಳಿದೆ. ಅವರು ಅಂಗಾಲು ಒತ್ತುವುದನ್ನು ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಮರ್ಜೆನ್ಸಿಯ ದಿನಗಳು, ಕಚೇರಿ ಬಿಟ್ಟು ಐದು ನಿಮಿಷ ಹೋದರೂ ಬರೆದಿಟ್ಟು ಹೋಗಬೇಕು. ಅವರು ಏನೂ ಬರೆಯಲಿಲ್ಲ. ನಾನೂ ಜೊತೆಗೆ ಹೋದೆ.

ತಿಮ್ಮಪ್ಪ ಮಂಚದ ಮೇಲೆ ಕುಳಿತಿದ್ದ. ಕೈಗೆ ಕುಂಬಳಕಾಯಿ ಗಾತ್ರದ ಪಟ್ಟಿ. ಅವನ ಹೆಂಡತಿ ನಮ್ಮನ್ನು ನೋಡಿ ಮುಖ ತಿರುಗಿಸಿದಳು.

"ನೀವ್ಯಾಕ್ ಬಂದ್ರಿ ಸಾಮಿ? ಕುಂತ್ಕಳ್ರಿ" ಎಂದ ಅವನು.

ಸಾಹೇಬರು ಮಂಚದ ತುದಿಗೆ ಕುಳಿತರು. ಆಮೇಲೆ, "ಅವತ್ತು ಕಲ್ಲು ಕಾಣ್ಲಿಲ್ಲ ಅನ್ನಬಹುದಿತ್ತಲ್ಲೋ" ಎಂದರು.

"ಕೈಗೆ ಸಿಕ್ಕಿದ್ದನ್ನ ಇಲ್ಲ ಅಂದ್ಬಿಟ್ಟು ಮತ್ತೆ ಆ ನೀರಿಗೆ ಹೆಂಗ್ ಇಳೀಲಿ ಸಾಮಿ?" ಎಂದ ತಿಮ್ಮಪ್ಪ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟು ಇದ್ದಿದ್ದರೆ ಸಾಹೇಬರಿಗೆ ಹಗುರಾಗುತ್ತಿತ್ತೇನೋ.

ಆ ಭಾನುವಾರ ಅವರು ಮಾಡದಕೆರೆಯ ನಮ್ಮ ಮನೆಗೆ ಬಂದರು. ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡರು. "ಅಜ್ಜಿ ಹತ್ರ ಹೋಗಾಣ ಅಂತಿದೀನಿ. ನೀವೂ ಬಂದ್ರೆ ಒಳ್ಳೇದು. ಹೆಂಗಸ್ರು ಇದ್ರೆ ಆಕೆ ಬಯ್ಯೋದು ಕಮ್ಮಿ ಆಗ್ತೈತೆ." ಹಟ್ಟಿಯ ಕಡೆ ಹೋಗುವ ಗಾಡಿಯೊಂದು ಸಿಕ್ಕಿತು.

ಬಯ್ಗುಳ ಕಮ್ಮಿಯೇನೂ ಆಗಲಿಲ್ಲ. ನಮ್ಮನ್ನು ನೋಡಿದ್ದೇ ಅಜ್ಜಿ ಶುರುಮಾಡಿದಳು. "ಏನಪ್ಪ, ಅವನ ಕೈ ಮುರೀಲಿ ಅಂತ ನಾನು ಅರ್ಜಿ ಕೊಟ್ನಾ? ಇಡೀ ಹಟ್ಟಿ ನನ್ನ ಮಾರಿ ಅಂತೈತೆ. ನೀರು ತುಂಬೋ ಬಾವಿ ಕಟ್ಟೇ ಮ್ಯಾಲೆ ಯಾರೂ ನಂಗೆ ಜಾಗ ಬಿಡ್ತಿಲ್ಲ. ಅವನು ಒಂದು ದಿನ, ಒಂದೇ ಒಂದು ದಿನ ಬಂದು, ಅಜ್ಜಿ, ಇಲ್ಲಿ ಕಲ್ಲು ಹಾಕ್ಲಾ ಅಂದಿದ್ರೆ ನಾನು ಬ್ಯಾಡ ಅಂತಿದ್ನಾ?"

"ಅವನು ಕೇಳಂಗಿಲ್ಲವ್ವಾ. ಕೇಳಿದ್ರೆ ಹಕ್ಕು ಹೋಗ್ತೈತೆ."

"ಕೇಳ್ದಿದ್ರೆ ನನ್ನ ಹೊಲ ಹೋಗ್ತೈತೆ."

"ಹೌದು."

ಅಜ್ಜಿ ಕದಿರು ತಿರುಗಿಸಿದಳು. ಸಾಹೇಬರು ಅವಳ ಜಗಲಿಯ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ನಾನು ಹೆದರಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು: "ನಾನು ಕೇಳಿದ್ರೆ?"

"ಏನು?"

"ನಿನ್ನ ಹೊಲದ ಮೇಲೆ ಆರು ಕಲ್ಲು ಇಡಾಕೆ ನಾನು ಅಪ್ಪಣೆ ಕೇಳ್ತೀನಿ. ಅವನಲ್ಲ, ನಾನು. ಆ ಕಲ್ಲಿಗೆ ಯಾವನು ದೋಣಿ ಕಟ್ಕಂತಾನೋ ನಂಗೂ ಬ್ಯಾಡ, ನಿಂಗೂ ಬ್ಯಾಡ. ನಿನ್ನನ್ನ ಕೇಳಿದಂಗಾತು. ಅವನು ಕೇಳ್ದೇ ಇದ್ದಂಗೂ ಆತು."

"ನೀನ್ಯಾರಪ್ಪ ಕೇಳಾಕೆ?"

"ಯಾರೂ ಅಲ್ಲ. ಅದಕ್ಕೇ."

ಅಜ್ಜಿ ನನ್ನ ಕಡೆ ನೋಡಿದಳು. ನಾನೂ ಆಗ ಮೊದಲ ಸಲ ಅದನ್ನು ಕೇಳುತ್ತಿದ್ದೆ. ಅಜ್ಜಿ ಕದಿರನ್ನು ಕೆಳಗಿಟ್ಟು, "ನೀರು ಇಳಿದಾಗ ಆ ಕಲ್ಲು ಯಾರು ಎತ್ತೋರು?" ಎಂದಳು.

"ಇಟ್ಟೋನೇ."

"ವರ್ಷಾವರ್ಷ ಬಂದು ಕೇಳ್ಬೇಕು. ಒಂದ್ಸಲ ಕೇಳಿ ಹೋಗಿ ಕುಂತ್ಕಳಂಗಿಲ್ಲ."

"ಬರ್ತೀನಿ" ಎಂದರು ಸಾಹೇಬರು. ಆ ಒಂದು ಮಾತು ಆಡುವಾಗ ಅವರ ಮುಖದಲ್ಲಿ ಕಂಡ ಸುಸ್ತನ್ನು ನಾನು ಮರೆತಿಲ್ಲ. ಇನ್ನೊಂದು ಹೊರೆ ಹೊರಿಸಿಕೊಂಡ ಎತ್ತಿನ ಹಾಗೆ ಒಂದು ಸಲ ತಲೆ ಆಡಿಸಿದರು.

ತಿಮ್ಮಪ್ಪನ ದೋಣಿ ಮತ್ತೆ ಬೋರೆಯ ಮರೆಗೆ ಬಂತು. ಅವನು ಯಾರನ್ನೂ ಕೇಳಿರಲಿಲ್ಲ. ಅಜ್ಜಿಯನ್ನು ಕೇಳಲಾಗಿತ್ತು. ಕೋರ್ಟಿನಲ್ಲಿ ಮೊಕದ್ದಮೆ ವಾಯಿದೆಯಿಂದ ವಾಯಿದೆಗೆ ಹೋಗುತ್ತ, ಎರಡೂ ಕಡೆಯವರು ಹಾಜರಾಗುವುದನ್ನು ಬಿಟ್ಟಮೇಲೆ ಕಡತಗಳ ತಳದಲ್ಲಿ ಸೇರಿಕೊಂಡಿತು.

ಅದಾದ ಮೇಲೆ ಪ್ರತಿ ವರ್ಷ ಗಾಳಿ ಹಿಡಿಯುವ ಮುಂಚೆ ಒಂದು ಭಾನುವಾರ ಸಾಹೇಬರು ಬರುತ್ತಿದ್ದರು. ನಮ್ಮ ಮನೆಯಲ್ಲಿ ಬಿಸಿನೀರು, ಆಮೇಲೆ ಹಟ್ಟಿ. ಅಜ್ಜಿಯ ಜಗಲಿಯಲ್ಲಿ ಕುಳಿತು, "ಅವ್ವಾ, ಆರು ಕಲ್ಲು ಇಡ್ಲಾ?" ಎನ್ನುವರು. "ಇಡಪ್ಪ" ಎನ್ನುವಳು. ರಾಗಿ ಅಂಬಲಿ ಕೊಡುವಳು. ಇಷ್ಟಕ್ಕಾಗಿ ಒಂದು ದಿನ. ಹೊಳಲ್ಕೆರೆಗೆ ವರ್ಗವಾಯಿತು, ಆಗಲೂ ಬಂದರು. ಚಿತ್ರದುರ್ಗಕ್ಕೆ ವರ್ಗವಾಯಿತು, ಮೂರು ಬಸ್ಸು ಬದಲಾಯಿಸಿ ಬಂದರು. ಒಂದು ಬೇಸಿಗೆಯಲ್ಲಿ ನೀರು ಹೊಲ ಬಿಟ್ಟು ಇಳಿದಾಗ ಅಜ್ಜಿ ಸಾಹೇಬರಿಗೆ ಕಾಗದ ಬರೆಸಿ ತಿಳಿಸಿದಳು. ಅವರೇ ಬಂದು ಪ್ಯಾಂಟು ಮಡಚಿ ಕೆಸರಿಗಿಳಿದು ಕಲ್ಲು ಹೊತ್ತರು. ತಿಮ್ಮಪ್ಪ ಎಡಗೈಯಿಂದ ಹಗ್ಗ ಬಿಚ್ಚಿಕೊಟ್ಟ. ಮೂರನೆಯ ಕಲ್ಲಿಗೆ ಅವರ ಎದೆ ಸೀಟಿ ಊದತೊಡಗಿತು.

"ಬಿಡಪ್ಪ, ನನ್ನ ಮೊಮ್ಮಕ್ಳು ಎತ್ತಾಕ್ತಾರೆ" ಎಂದಳು ಅಜ್ಜಿ.

"ಇಟ್ಟೋನೇ ಎತ್ತಬೇಕು ಅಂದಿದ್ದೆ" ಎಂದು ನಾಲ್ಕನೆಯದಕ್ಕೆ ಬಗ್ಗಿದರು.

ಹಿಂತಿರುಗುವಾಗ ನಾನು ಕೇಳಿಯೇಬಿಟ್ಟೆ. ಇದೆಲ್ಲ ಯಾಕೆ ಸಾರ್ ನಿಮಗೆ?

"ನಂಗೇನೂ ಇಷ್ಟ ಇಲ್ಲ ಅಮ್ಮಾವ್ರೇ. ಸಾಕಾಗಿ ಹೋಗೈತೆ" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ನಾನು ಬರೋದು ಬಿಟ್ರೆ ಆ ಇಬ್ರಲ್ಲಿ ಒಬ್ರು ಸೋಲ್ಬೇಕು. ಸೋಲೋ ಅಂಥ ತಪ್ಪು ಇಬ್ರೂ ಮಾಡಿಲ್ಲ" ಎಂದರು. 

ದಶಕ ಮುಗಿಯುವ ಹೊತ್ತಿಗೆ ಒಂದು ಆಷಾಢಕ್ಕೆ ಅವರ ಬದಲು ಕಾರ್ಡು ಬಂತು. ಉಬ್ಬಸ ಜಾಸ್ತಿಯಾಗಿ ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದೇನೆ, ಈ ಸಲ ನನ್ನ ಪರವಾಗಿ ನೀವು ಕೇಳಿ ಬರಬೇಕು, ನಿಮಗೆ ತೊಂದರೆ. ಕಾರ್ಡು ನಮ್ಮ ಕಚೇರಿಗೆ ಬಂದು, ಯಾರದೋ ಕಡತದಲ್ಲಿ ಸೇರಿ, ಹದಿನೈದು ದಿನ ತಡವಾಗಿ ನನ್ನ ಕೈ ಸೇರಿತು. ಅಷ್ಟರಲ್ಲಿ ಗಾಳಿ ಹಿಡಿದಾಗಿತ್ತು. ತಿಮ್ಮಪ್ಪನ ಕೈ ಜಜ್ಜಿದ ಬಂಡೆ ನೆನಪಾಯಿತು. ಮಾರನೆಯ ದಿನವೇ ರಜೆ ಹಾಕಿ ಓಡಿದೆ.

ಬೋರೆ ಹತ್ತಿ ನೋಡಿದರೆ ಎರಡೂ ದೋಣಿಗಳು ಅಜ್ಜಿಯ ಹೊಲದ ಮೇಲಿನ ನೀರಿನಲ್ಲಿ ನಿಂತಿದ್ದವು. ಅಜ್ಜಿ ಜಗಲಿಯಲ್ಲಿದ್ದಳು.

"ಸಾಹೇಬ್ರಿಗೆ ಹುಷಾರಿಲ್ಲ ಅಜ್ಜಿ. ಅವರ ಬದ್ಲು ನಾನು ಕೇಳಾಕೆ ಬಂದೀನಿ."

"ಇನ್ನೇನ್ ಕೇಳ್ತೀಯಮ್ಮ" ಎಂದಳು. "ಗಾಳಿ ಎದ್ದ ದಿನ ತಿಮ್ಮಪ್ಪ ಬಂದು ನೀ ಕುಂತಿದೀಯಲ್ಲ, ಅಲ್ಲೇ ಕುಂತ. ಏನೂ ಕೇಳ್ಲಿಲ್ಲ. ನಾನೂ ಏನೂ ಅನ್ಲಿಲ್ಲ. ಅಂಬಲಿ ಕೊಟ್ಟೆ. ಆ ಬೆರಳಿಲ್ಲದ ಕೈಯಾಗೆ ಹಿಡ್ಕಂಡು ಕುಡ್ದ. ಲೋಟ ತೊಳ್ದಿಟ್ಟು ಹೋದ. ಮಾರ್ನೇ ದಿನ ಕಲ್ಲು ಇಳ್ಸಿದ."

ನಾನು ಅಲ್ಲಿಂದ ಮನೆಗೆ ಹೋಗದೆ ಚಿತ್ರದುರ್ಗದ ಬಸ್ಸು ಹಿಡಿದೆ. ಆಸ್ಪತ್ರೆಯಲ್ಲಿ ಸಾಹೇಬರು ಗೋಡೆಗೆ ದಿಂಬಿಟ್ಟು ಒರಗಿದ್ದರು. ಅರ್ಧದಷ್ಟಾಗಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡರು.

"ಎಷ್ಟು ಕಲ್ಲು?"

"ಆರೇ ಇರಬೇಕು ಸಾರ್. ಎಣಿಸಲಿಲ್ಲ."

"ಆರೇ ಹಾಕಿರ್ತಾನೆ" ಎಂದರು. ಆಮೇಲೆ ಮೆಲ್ಲಗೆ, "ಹಂಗಾರೆ ನಾನು ಇನ್ನು ಹೋಗಂಗಿಲ್ಲ" ಎಂದರು. ಅದು ನೆಮ್ಮದಿಯೋ, ಬೇಸರವೋ ತಿಳಿಯಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದರು. ಸ್ವಲ್ಪ ಹೊತ್ತಿಗೆ ಉಸಿರು ಒಂದು ಲಯಕ್ಕೆ ಬಂತು.

ಮಂಚದ ಆಚೆ ಬದಿಗೆ ಅವರ ಹೆಂಡತಿ ನಿಂತಿದ್ದರು. ಅಷ್ಟು ವರ್ಷದಲ್ಲಿ ನಾನು ಅವರನ್ನು ನೋಡಿದ್ದು ಅದೇ ಮೊದಲು. ತುರುವನೂರಿನಲ್ಲಿ ಒಬ್ಬರೇ ಹೊಲಮನೆ ನೋಡಿಕೊಂಡಿದ್ದವರು. ಬಿಸಿಲಿಗೆ ಕಂದಿದ ಮುಖ, ಗಟ್ಟಿ ಕೈಗಳು. ನನ್ನ ಜೊತೆ ವರಾಂಡದವರೆಗೆ ಬಂದು, ಸೆರಗು ಹೊದ್ದುಕೊಂಡು, ತುಂಬ ದಿನ ಒಳಗೆ ಇಟ್ಟುಕೊಂಡಿದ್ದ ಮಾತನ್ನು ತೆಗೆಯುವವರ ಹಾಗೆ ಕೇಳಿದರು: "ಆ ಹಟ್ಟಿಯಾಗೆ ಯಾರಿದ್ರಮ್ಮ? ವರ್ಷಾವರ್ಷ ಹೋಗೋರು. ಹಬ್ಬಕ್ಕೆ ಮನೆಗೆ ಬರ್ದಿದ್ರೂ ಅಲ್ಲಿಗೆ ಹೋಗೋರು. ಇವತ್ತಾದ್ರೂ ನಂಗೆ ಹೇಳಿಬಿಡು."

ನನಗೆ ಅರ್ಥವಾಯಿತು. ಆಕೆ ಎಷ್ಟು ವರ್ಷ ಏನೆಂದುಕೊಂಡು ಕುಳಿತಿದ್ದರೋ. ಅಜ್ಜಿ, ದೋಣಿ, ಆರು ಕಲ್ಲು, ಎಲ್ಲ ಹೇಳಿದೆ. ಆಕೆ ಕೇಳುತ್ತ ಕೇಳುತ್ತ ವರಾಂಡದ ಬೆಂಚಿನ ಮೇಲೆ ಕುಳಿತರು.

"ಅಪ್ಪಣೆ ಕೇಳಾಕೆ?" ಎಂದರು.

"ಹೌದಮ್ಮ."

"ಮೂರು ಬಸ್ಸು ಹತ್ತಿ?"

"ಹೌದು."

ಆಕೆ ನಕ್ಕರು ಎಂದುಕೊಂಡೆ, ನಗುವಲ್ಲ. "ನಮ್ಮ ಮದ್ವೆ ಆಗಿ ಮೂವತ್ತು ವರ್ಷ ಆತಮ್ಮ. ನಾನೇ ನೋಡ್ಕಂಡಿದ್ದ ತುರುವನೂರಿನ ಹೊಲ ಇನ್ನೊಬ್ರಿಗೆ ಗುತ್ತಿಗೆ ಕೊಟ್ರು, ಮಗಳ ಸಂಬಂಧ ಗೊತ್ತು ಮಾಡಿದ್ರು, ಒಂದು ದಿನಕ್ಕೂ ನಂಗೆ, ನೀನೇನಂತೀಯ ಅಂತ ಕೇಳ್ದೋರಲ್ಲ."

ಒಳಗಿನಿಂದ ಕೆಮ್ಮಿನ ಸದ್ದು ಕೇಳಿತು. ಆಕೆ ಎದ್ದು, ಫ್ಲಾಸ್ಕು ತೆಗೆದುಕೊಂಡು, ಬಿಸಿನೀರು ತರಲು ಆಸ್ಪತ್ರೆಯ ಹಿಂದಿನ ಹೋಟೆಲಿನ ಕಡೆಗೆ ಬೇಗಬೇಗ ನಡೆದರು.